ಕೆಜಿಎಫ್‌ಗೆ ‘ಮಿನಿ ಇಂಗ್ಲೆಂಡ್’ ಬಿರುದು ಬೇಡ

ಕೋಲಾರದ ಚಿನ್ನದ ಗಣಿಯ ಊರಿನ ಬಗ್ಗೆ ಬರುವ ಲೇಖನದಲ್ಲಾಗಲಿ, ಟೀವಿ ಕಾರ್ಯಕ್ರಮದಲ್ಲಾಗಲಿ ‘ಮಿನಿ ಇಂಗ್ಲೆಂಡ್’ ಎಂಬ ಮಾತು ಬಾರದೇ ಇರುವುದು ಅಪರೂಪ. ಅದರ ಬೆನ್ನಿಗೆ ಬರುವ ವಿವರಗಳೂ ಹೆಚ್ಚುಕಡಿಮೆ ಅವೇ. ಊರಿಗಾಂ, ಚಾಂಪಿಯನ್ ರೀಫ್ಸ್ ಕಡೆಯ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು, ತಂಪು ಹವೆ, 1902ರಲ್ಲೇ ಬಂದ ಕರೆಂಟು. ಕೊನೆಗೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಬಂಗಲೆಗಳು ಪಾಳುಬಿದ್ದವು, ಅವನ್ನು ಉಳಿಸಿಕೊಳ್ಳಬೇಕು ಎಂಬ ಮನವಿ. ಈ ಊರಿನ ಮನೆಗಳ ಚರಿತ್ರೆ ಎಂದರೆ ಇಷ್ಟೇ ಎಂದು ನಾವು ನಂಬಿಬಿಟ್ಟಿದ್ದೇವೆ. 2018ರಲ್ಲಿ ಬಂದ ‘ಕೆಜಿಎಫ್’ ಸಿನಿಮಾ ಕೂಡ ಇದನ್ನು ಅಲುಗಾಡಿಸಲಿಲ್ಲ. ಅದು ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳ ಮೇಲೆ ಕಪ್ಪು ಬಣ್ಣದ ಒಂದು ಗುಲಾಮರ ಲೋಕವನ್ನು ಕಟ್ಟಿತು. ಸಂಬಳದ ದಿನ, ಸಂಘದ ಚಂದಾ, ಮಕ್ಕಳ ಶಾಲೆ, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ಅಪ್ಪ, ಇವೆಲ್ಲ ಇರುವ ಸಂಸಾರದ ಮನೆ ಅಲ್ಲಿಯೂ ಕಾಣಲಿಲ್ಲ.

ಬಂಗಲೆಗಳು ಬಿದ್ದುಹೋಗಲಿ ಎಂದು ನಾನು ಹೇಳುತ್ತಿಲ್ಲ. ಅವು ಒಳ್ಳೆಯ ಕಟ್ಟಡಗಳು; ದುರಸ್ತಿ ಆಗಲಿ. ಆದರೆ ಕೆಜಿಎಫ್‌ನ ವಸತಿ ವಾಸ್ತುವನ್ನು ಬಂಗಲೆಯಿಂದ ಶುರುಮಾಡಿ ಬಂಗಲೆಯಲ್ಲೇ ಮುಗಿಸುವುದು ತಪ್ಪು. ಬಂಗಲೆ ಮತ್ತು ಲೈನು (ಗಣಿ ಕೂಲಿಗಳ ಸಾಲುಮನೆ) ಬೇರೆಬೇರೆಯಾಗಿ ಹುಟ್ಟಿದ ಎರಡು ಬಗೆಯ ಮನೆಗಳಲ್ಲ. ಒಂದೇ ಯೋಜನೆ, ಒಂದೇ ಖಜಾನೆ, ಒಂದೇ ಕಂಪನಿಯ ಎಂಜಿನಿಯರುಗಳು ಇವೆರಡನ್ನೂ ಹುಟ್ಟಿಸಿದರು. ಒಂದನ್ನು ಕಾಣದೆ ಇನ್ನೊಂದನ್ನು ಓದಲು ಬರುವುದಿಲ್ಲ. ಎರಡರಲ್ಲಿ ಊರಿನದೇ ಆದದ್ದು, ಬೇರೆಲ್ಲೂ ಸಿಗದ್ದು ಯಾವುದು ಎಂದು ಕೇಳಿದರೆ ನನ್ನ ಉತ್ತರ ಲೈನು.

ಮೊದಲು ಆ ‘ಇಂಗ್ಲೆಂಡ್’ ವಿಷಯವನ್ನೇ ನೋಡೋಣ. ಎತ್ತರದ ಚಾವಣಿ, ಮುಂದೆ ಅಗಲವಾದ ವರಾಂಡ, ಸುತ್ತ ಕಾಂಪೌಂಡು, ಹಿಂದೆ ಪ್ರತ್ಯೇಕ ಅಡುಗೆಮನೆ, ಅದರಾಚೆ ಕೆಲಸದವರ ಕೊಠಡಿ. ಈ ನಕ್ಷೆ ಇಂಗ್ಲೆಂಡಿನಿಂದ ಹಡಗೇರಿ ಬಂದದ್ದಲ್ಲ. ಬಂಗಾಳದ ಹುಲ್ಲುಮಾಡಿನ ಮನೆಯನ್ನು ನೋಡಿ ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಅನುಕೂಲಕ್ಕೆ ತಿದ್ದಿಕೊಂಡು, ದಂಡುಪ್ರದೇಶಗಳಲ್ಲಿ ಬೆಳೆಸಿದ ಮಾದರಿ ಅದು. ಬೆಂಗಳೂರಿನ ದಂಡಿನಲ್ಲಿ ಅದು ಗಣಿಗಿಂತ ಎಷ್ಟೋ ಮೊದಲೇ ಬೇರೂರಿತ್ತು. 1873ರಲ್ಲಿ ಇಲ್ಲಿ ಗಣಿಗಾರಿಕೆಯ ಹಕ್ಕು ಬೇಕೆಂದು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ ಮೈಕೆಲ್ ಲವೆಲ್, ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದು ಆ ದಂಡಿನಲ್ಲೇ ನೆಲೆಸಿದ್ದ ಐರಿಷ್ ಸೈನಿಕ. ಅವನ ಪರವಾನಗಿ ಕೈಬದಲಾಗಿ, 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳ ಆಡಳಿತಕ್ಕೆ ಇಳಿಯಿತು. ಅವರು ಕಟ್ಟಿಸಿದ್ದು ದಂಡಿನ ಬಂಗಲೆಯನ್ನೇ.

ಆ ಬಂಗಲೆಗಳಲ್ಲಿ ಇದ್ದವರು ಯಾರು ಎಂಬುದು ಇನ್ನೂ ಮುಖ್ಯ. ಗಣಿಯ ಮೇಲ್ವಿಚಾರಣೆಗೆ ಬಂದ ಯುರೋಪಿಯನ್ನರಲ್ಲಿ ದೊಡ್ಡ ಪಾಲು ಇಂಗ್ಲೆಂಡಿನ ಕಾರ್ನ್‌ವಾಲ್‌ನವರದು. ಅಲ್ಲಿಯ ತವರ ಮತ್ತು ತಾಮ್ರದ ಗಣಿಗಳು ಸೊರಗಿದಾಗ ಕೆಲಸ ಹುಡುಕಿಕೊಂಡು ಪ್ರಪಂಚದ ಮೂಲೆಮೂಲೆಗೆ ಚದುರಿದ ಗಣಿಯಾಳುಗಳು ಅವರು. ತಮ್ಮೂರಿನಲ್ಲಿ ಅವರಂಥವರು ಬಾಳಿದ್ದು ಗೋಡೆಗೆ ಗೋಡೆ ತಾಗಿದ ಸಣ್ಣ ಕಲ್ಲಿನ ಸಾಲುಮನೆಗಳಲ್ಲಿ, ಬಿಡಿಯಾಗಿ ಹೊಲದಂಚಿನಲ್ಲಿ ನಿಂತ ಚಿಕ್ಕ ಮನೆಗಳಲ್ಲಿ. ಅಂಥ ಮನೆಯಲ್ಲಿ ಹುಟ್ಟಿದವನು ಮೈಸೂರು ಸೀಮೆಗೆ ಬಂದು ಬಿಳಿಯ ಚರ್ಮದ ಬಲದಿಂದ ದೊರೆಯಾದ. ತೋಟ, ಆಳುಕಾಳು, ವರಾಂಡದ ಮನೆ ಅವನದಾಯಿತು. ಆದ್ದರಿಂದ ಬಂಗಲೆಯಲ್ಲಿ ನಮಗೆ ಕಾಣುವುದು ಇಂಗ್ಲೆಂಡಿನಲ್ಲಿ ಅವನು ಬದುಕಿದ ರೀತಿಯಲ್ಲ, ಅಲ್ಲಿ ಅವನಿಗೆ ದಕ್ಕದೇ ಹೋದ ರೀತಿ. ಅವನು ಬಿಟ್ಟು ಬಂದ ಕಾರ್ನ್‌ವಾಲ್‌ಗೆ ನೆಂಟಸ್ತಿಕೆ ಇರುವ ಮನೆಯನ್ನು ಕೆಜಿಎಫ್‌ನಲ್ಲಿ ಹುಡುಕಹೊರಟರೆ ಕೂಲಿಗಳ ಸಾಲುಮನೆಯ ಕಡೆಗೇ ನಡೆಯಬೇಕಾಗುತ್ತದೆ. ನೆಂಟಸ್ತಿಕೆಯೂ ಸಾಲಾಗಿ ಕಟ್ಟುವ ಕ್ರಮಕ್ಕೆ ಮಾತ್ರ. ಕಲ್ಲು ಅಲ್ಲಿಯೇ ಉಳಿಯಿತು.

ಇಲ್ಲಿ ಲೈನಿನ ಗೋಡೆ ಬಿದಿರು ತಟ್ಟಿಯದಾಗಿತ್ತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯಿಂದ, 1876–78ರ ಬರಗಾಲದಲ್ಲಿ ನುಜ್ಜುಗುಜ್ಜಾದ ಸೀಮೆಗಳಿಂದ ಬಂದ ಕೂಲಿಕಾರರಲ್ಲಿ ಬಹುಪಾಲು ಜನ ಅಸ್ಪೃಶ್ಯರೆನಿಸಿಕೊಂಡವರು. ಅವರಿಗೆ ಸಿಕ್ಕಿದ್ದು ತಟ್ಟಿಯ ಗೋಡೆ, ಹುಲ್ಲಿನ ಮಾಡು, ಮಣ್ಣಿನ ನೆಲ, ಒಂದೇ ಕೋಣೆ. ಆಮೇಲೆ ಹುಲ್ಲಿನ ಜಾಗಕ್ಕೆ ಜಿಂಕ್ ಶೀಟು ಬಂತು. ಇಟ್ಟಿಗೆ ಗೋಡೆ ಬಹಳ ತಡವಾಗಿ, ಕಂತುಕಂತಾಗಿ ಬಂತು. ಇಪ್ಪತ್ತನೆಯ ಶತಮಾನದ ಆರಂಭಕ್ಕೇ ಗಣಿಯಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಕೆಲಸಗಾರರಿದ್ದರು. ಯುರೋಪಿಯನ್ನರು ಕೆಲವೇ ನೂರು ಮಂದಿ. ಆ ಕೆಲವು ನೂರು ಜನರ ಮನೆ ಊರಿನ ವಾಸ್ತುಶಿಲ್ಪ ಎನಿಸಿಕೊಂಡಿತು. ಇಪ್ಪತ್ತು ಸಾವಿರ ಜನರ ಮನೆ ಬರೀ ಗುಡಿಸಲು ಎನಿಸಿಕೊಂಡಿತು. ಈ ಲೆಕ್ಕ ನಮ್ಮ ಬರಹಗಾರರಿಗೆ ಒಮ್ಮೆಯೂ ವಿಚಿತ್ರವಾಗಿ ಕಾಣಲಿಲ್ಲವೆಂದರೆ ನನಗೆ ನೋವಾಗುತ್ತದೆ.

ಲೈನಿನ ಮನೆಯನ್ನು ಅದರ ನಾಲ್ಕು ಗೋಡೆಯೊಳಗೆ ಅಳೆಯಲು ಹೋದರೆ ಏನೂ ಸಿಗುವುದಿಲ್ಲ. ಆ ಕೋಣೆಯೊಳಗೆ ಸಂಸಾರ ಹಿಡಿಸುತ್ತಿರಲಿಲ್ಲ. ಊರಿಂದ ಕೆಲಸ ಹುಡುಕಿ ಬಂದ ತಮ್ಮನೋ ಭಾವಮೈದುನನೋ ಅದೇ ಕೋಣೆಯ ಪಾಲುದಾರ. ಗಣಿಯೊಳಗಿನ ಕೆಲಸ ಪಾಳಿಯ ಮೇಲೆ ನಡೆಯುವಂಥದ್ದು. ಆದ್ದರಿಂದ ಒಬ್ಬ ಮಲಗುವ ಹೊತ್ತಿಗೆ ಇನ್ನೊಬ್ಬ ಏಳಬೇಕು. ಹಗಲು ಮಲಗಿದವನ ನಿದ್ದೆ ಕೆಡದಿರಲೆಂದು ಅಡುಗೆ, ಬಟ್ಟೆ, ಮಕ್ಕಳು, ಮಾತುಕತೆ ಎಲ್ಲವೂ ಬಾಗಿಲಾಚೆಗೆ, ಎರಡು ಸಾಲುಗಳ ನಡುವಿನ ಓಣಿಗೆ ಬರುತ್ತಿತ್ತು. ಹಾಗಾಗಿ ಲೈನಿನಲ್ಲಿ ನಿಜವಾದ ಮನೆ ಎಂದರೆ ಓಣಿ. ಕಂಪನಿ ಕೊಟ್ಟದ್ದು ಒಂದು ಕೋಣೆ. ಅದರ ಮುಂದೆ ತಡಿಕೆ ಕಟ್ಟಿ, ಮಾಡು ಇಳಿಸಿ, ಒಲೆಗೆ ಜಾಗ ಮಾಡಿ, ಕಟ್ಟೆ ಮೆತ್ತಿ, ಕೋಳಿಗೂಡು ಸೇರಿಸಿ ಅದನ್ನು ಮನೆ ಮಾಡಿದವರು ಅಲ್ಲಿ ಬಾಳಿದವರು, ಅದರಲ್ಲೂ ಹೆಂಗಸರು. ಕಟ್ಟಡ ಕಲೆಯ ಪಾಠ ಹೇಳುವವರು ಬಂಗಲೆಯ ಬಾಗಿಲ ಕಮಾನಿಗೆ ಕೊಡುವ ಗಮನದ ಕಾಲುಭಾಗವನ್ನು ಈ ಕೈಗೆಲಸಕ್ಕೆ ಕೊಟ್ಟಿದ್ದರೂ ನಮಗೆ ಈ ಊರು ಇಷ್ಟು ಅಪರಿಚಿತವಾಗಿ ಉಳಿಯುತ್ತಿರಲಿಲ್ಲ.

ಕರೆಂಟಿನ ಕತೆಯನ್ನೂ ಇಲ್ಲಿ ನೇರ ಮಾಡಬೇಕು. ಏಷ್ಯಾದಲ್ಲೇ ಮೊದಲು ವಿದ್ಯುತ್ ಕಂಡ ಊರು ಕೆಜಿಎಫ್ ಎಂದು ಪದೇಪದೇ ಬರೆಯುತ್ತಾರೆ. ಅದು ಸರಿಯಲ್ಲ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಜಲವಿದ್ಯುತ್ ಉತ್ಪಾದನೆ ಶುರುವಾಗಿತ್ತು. ನಮ್ಮಲ್ಲಿಯೇ ಡಾರ್ಜಿಲಿಂಗ್‌ನಲ್ಲಿ 1897ರಲ್ಲಿ ಆಗಿತ್ತು. ಕೆಜಿಎಫ್‌ನ ಹೆಗ್ಗಳಿಕೆ ಬೇರೆ, ಮತ್ತು ಅದು ದೊಡ್ಡದೇ. ಶಿವನಸಮುದ್ರದಿಂದ 92 ಮೈಲಿ ದೂರಕ್ಕೆ, ಆ ಕಾಲಕ್ಕೆ ಪ್ರಪಂಚದ ಬಹು ಉದ್ದದ ಸಾಲುಗಳಲ್ಲಿ ಒಂದೆನಿಸಿದ ತಂತಿಯ ಮೇಲೆ 1902ರಲ್ಲಿ ವಿದ್ಯುತ್ ಹರಿಯಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹೂಡಿದ ಸಾಹಸ ಅದು. ಆದರೆ ಆ ವಿದ್ಯುತ್ತು ಬಂದದ್ದು ಊರಿಗಲ್ಲ, ಯಂತ್ರಗಳಿಗೆ. ಹಗ್ಗ ಎಳೆಯುವ, ಅದಿರು ಅರೆಯುವ, ಗಾಳಿ ಒತ್ತುವ ಯಂತ್ರಗಳಿಗೆ. ಅವುಗಳಿಂದ ಮಿಕ್ಕ ಬೆಳಕು ಬಂಗಲೆಗೆ ಹೋಯಿತು. ತಟ್ಟಿಯ ಮನೆಗಳಲ್ಲಿ ಇನ್ನೂ ದಶಕಗಳ ಕಾಲ ಉರಿದದ್ದು ಸೀಮೆಎಣ್ಣೆಯ ಬುಡ್ಡಿ. ಇದೇ ಗಣಿಯ ತಳದಲ್ಲಿ, ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕೆಲಸ ಮಾಡುವವನು ಮೇಲೆ ಬಂದು ತನ್ನ ಮನೆಯಲ್ಲಿ ಬುಡ್ಡಿ ಹಚ್ಚುತ್ತಿದ್ದ.

ನೀರು ಪಾಲಾರ್ ಹೊಳೆಯ ಬೇತಮಂಗಲದ ಕೆರೆಯಿಂದ ಬರುತ್ತಿತ್ತು. ಆ ವ್ಯವಸ್ಥೆಯನ್ನೂ ಎಲ್ಲರೂ ಮೆಚ್ಚಿ ಬರೆಯುತ್ತಾರೆ, ಮೆಚ್ಚತಕ್ಕದ್ದೇ. ಆದರೆ ಮನೆಯೊಳಗೆ ನಲ್ಲಿ ಇದ್ದವರಾರು, ಓಣಿಯ ತುದಿಯಲ್ಲಿ ಕೊಡ ಇಟ್ಟು ಸರದಿಗೆ ಕಾದವರಾರು ಎಂಬುದು ಆ ಮೆಚ್ಚುಗೆಯಲ್ಲಿ ಸೇರಬೇಕು. ಇನ್ನೊಂದು ಸಂಗತಿ ಕಠೋರವಾದದ್ದು. ಲೈನುಗಳಿಗೆ ಕಟ್ಟಿಸಿದ್ದು ಸಾಮೂಹಿಕ ಒಣ ಪಾಯಖಾನೆಗಳನ್ನು. ಅವನ್ನು ಕೈಯಿಂದ ಬಾಚಿ ಹೊರಬೇಕಿತ್ತು. ಆ ಕೆಲಸಕ್ಕೆ ದಲಿತರಲ್ಲೇ ಬೇರೆ ಜಾತಿಯವರನ್ನು ತಂದು, ಅವರಿಗೆ ಬೇರೆ ವಸತಿ ಮಾಡಿದರು. ದೇಶದಲ್ಲಿ 1993ರಲ್ಲೇ ಕಾನೂನು ನಿಷೇಧಿಸಿದ್ದ ಈ ಪದ್ಧತಿ ಕೆಜಿಎಫ್‌ನಲ್ಲಿ ಈ ಶತಮಾನದಲ್ಲೂ ನಡೆಯುತ್ತಿತ್ತು. ಅದಕ್ಕೆ ಕಾರಣ ಯಾರದೋ ಉದಾಸೀನ ಮಾತ್ರವಲ್ಲ. ನೂರು ವರ್ಷದ ಹಿಂದೆ ಚರಂಡಿ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬೇಕಾಗಿಲ್ಲ ಎಂದು ತೀರ್ಮಾನಿಸಿದ ನಕ್ಷೆಯೂ ಕಾರಣ. ಮಿನಿ ಇಂಗ್ಲೆಂಡಿನ ಗುಣಗಾನ ಮಾಡುವವರು ಆ ನಕ್ಷೆಯ ಈ ಭಾಗವನ್ನು ಮಡಿಚಿ ಇಡುತ್ತಾರೆ.

ದೂರ ಕೂಡ ಇಲ್ಲಿಯ ವಾಸ್ತುವಿನ ಭಾಗ. ಬಂಗಲೆಗಳಿಗೆ ಮರಗಳ ನೆರಳು, ನಡುವೆ ಬೇಕಾದಷ್ಟು ಖಾಲಿ ಜಾಗ. ಲೈನುಗಳು ಶಾಫ್ಟು, ಗಿರಣಿ, ಸೈನೈಡ್ ದಿಬ್ಬಗಳ ಮಗ್ಗುಲಿಗೆ. ಚಿನ್ನ ತೆಗೆದು ಉಳಿದ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚಾಗಿ ಗುಡ್ಡಗಳಂತೆ ಬಿದ್ದಿದೆ. ಗಾಳಿಕಾಲದಲ್ಲಿ ಅದು ಎದ್ದು ಮನೆಯೊಳಗೆ, ಅನ್ನದ ತಟ್ಟೆಗೆ ಬೀಳುತ್ತದೆ. ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳೂ ನಡುಗುತ್ತಿದ್ದವು. ಸತ್ತವರು ಯಾವ ಲೈನಿನವರು ಎಂಬ ಸುದ್ದಿಗಾಗಿ ಓಣಿಯ ಜನ ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಇದೆಲ್ಲ ಕಟ್ಟಡದ ಚರ್ಚೆಗೆ ಹೊರಗಿನದು ಎಂದು ಯಾರಾದರೂ ಹೇಳಿದರೆ, ಕಟ್ಟಡ ಎಂದರೆ ಬರೀ ಹೆಂಚು, ಗಾರೆ ಎಂದು ತಿಳಿದವರು ಅವರು.

ಲೈನನ್ನು ಸಂಕಟದ ಜಾಗವಾಗಿ ಮಾತ್ರ ನೋಡುವುದನ್ನೂ ನಾನು ಒಪ್ಪುವುದಿಲ್ಲ. ಅದು ಕರುಣೆಯ ರೂಪದಲ್ಲಿ ಬರುವ ಇನ್ನೊಂದು ಕುರುಡು. ಹಳ್ಳಿಯಲ್ಲಿ ಊರಾಚೆಯ ಕೇರಿಯಲ್ಲಿದ್ದು, ಜಮೀನ್ದಾರನ ಕಣ್ಣಳತೆಯಲ್ಲಿ ಬದುಕಿದವರಿಗೆ ಲೈನಿನಲ್ಲಿ ಹೊಸದೊಂದು ಸಿಕ್ಕಿತು. ನಗದು ಸಂಬಳ, ಒಟ್ಟೊಟ್ಟಿಗೆ ಬದುಕುವ ಸಾವಿರಾರು ಸಮಾನರು, ಮೇಲ್ಜಾತಿಯ ಯಜಮಾನನಿಲ್ಲದ ಒಂದು ಬೀದಿ. ಅಯೋತಿದಾಸ ಪಂಡಿತರು ಮದರಾಸಿನಲ್ಲಿ ಕಟ್ಟಿದ ಬೌದ್ಧ ಚಳವಳಿಯ ಶಾಖೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ನೆಲೆಯೂರಿತು. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ ಅವರ ಬರಹಗಳನ್ನು ಅಚ್ಚುಹಾಕಿ ಉಳಿಸಿದವರು ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕಶಾಲೆಯವರು. ಅಂಬೇಡ್ಕರರು ಬೌದ್ಧ ದೀಕ್ಷೆ ಪಡೆಯುವುದಕ್ಕೆ ನಲವತ್ತು ಐವತ್ತು ವರ್ಷ ಮೊದಲು ಕೋಲಾರ ಜಿಲ್ಲೆಯ ತಟ್ಟಿ ಮನೆಗಳ ನಡುವೆ ದಲಿತರು ಬುದ್ಧನನ್ನು ತಮ್ಮ ಪೂರ್ವಿಕನೆಂದು ಸಾರುತ್ತಿದ್ದರು. ಕರ್ನಾಟಕದ ವೈಚಾರಿಕ ಚರಿತ್ರೆ ಬರೆಯುವವರು ಇದನ್ನು ಎಷ್ಟು ಸಲ ನೆನೆದಿದ್ದಾರೆ? ಮೈಸೂರಿನ ಅರಮನೆ, ಧಾರವಾಡದ ವಿದ್ಯಾವರ್ಧಕ ಸಂಘದ ಜೊತೆಗೆ ಮಾರಿಕುಪ್ಪಂನ ಓಣಿಗೂ ಆ ಚರಿತ್ರೆಯಲ್ಲಿ ಜಾಗ ಇರಬೇಕಿತ್ತು.

1930ರಲ್ಲಿ ಕಂಪನಿ ಕೆಲಸಗಾರರ ಬೆರಳಚ್ಚು ಪಡೆದು ನೋಂದಣಿ ಮಾಡಲು ಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ಹೊರನಡೆದರು. ನಮ್ಮನ್ನು ಕಳ್ಳರಂತೆ ದಾಖಲು ಮಾಡುವುದೇಕೆ ಎಂಬುದು ಅವರ ಪ್ರಶ್ನೆ. ಆಗ ಅಲ್ಲಿ ಬಲವಾದ ಸಂಘವೂ ಇರಲಿಲ್ಲ, ಹೆಸರುವಾಸಿ ನಾಯಕನೂ ಇರಲಿಲ್ಲ. ಆದರೂ ಮುಷ್ಕರ ಗಣಿಯಿಂದ ಗಣಿಗೆ ಹಬ್ಬಿತು. ಮಾತು ದಾಟಿದ್ದು ಎಲ್ಲಿಂದ ಎಂದು ಯೋಚಿಸಿದರೆ ನನಗೆ ತಟ್ಟಿಯ ಗೋಡೆಗಳೇ ಕಾಣುತ್ತವೆ. ಪಕ್ಕದ ಮನೆಯ ಪಿಸುಮಾತೂ ಕೇಳುವಷ್ಟು ತೆಳುವಾದ ಗೋಡೆ, ಎಲ್ಲರೂ ಕೂರುವ ಒಂದೇ ಓಣಿ. ಅಗ್ಗದಲ್ಲಿ ಮುಗಿಯಲೆಂದು ಕಂಪನಿ ಹೀಗೆ ಕಟ್ಟಿಸಿತ್ತು, ಆ ಅಗ್ಗದ ಸಾಲಿನಲ್ಲಿ ಜನ ಒಗ್ಗಟ್ಟನ್ನು ಕಟ್ಟಿಕೊಂಡರು.

ಹಾಗಾದರೆ ‘ಮಿನಿ ಇಂಗ್ಲೆಂಡ್’ ಎಂಬ ಬಿರುದು ಇಷ್ಟು ಗಟ್ಟಿಯಾಗಿ ಏಕೆ ಅಂಟಿಕೊಂಡಿತು? ಕನ್ನಡಿಗರಾದ ನಮಗೆ ಅದರಿಂದ ಒಂದು ಅನುಕೂಲವಿದೆ ಎಂದೇ ನನ್ನ ಅನುಮಾನ. ಕೆಜಿಎಫ್‌ನ ಬಹುಪಾಲು ಜನರ ಮನೆಮಾತು ತಮಿಳು. ಅವರಲ್ಲಿ ಬಹುಪಾಲು ದಲಿತರು. ಈ ಎರಡು ಕಾರಣಕ್ಕೆ ನಾವು ಅವರನ್ನು ನಮ್ಮವರೆಂದು ಎದೆ ತುಂಬಿ ಹೇಳಲಿಲ್ಲ. ಇಂಗ್ಲಿಷಿನವನನ್ನು ಒಪ್ಪಿಕೊಳ್ಳುವುದು ನಮಗೆ ಸುಲಭವಾಯಿತು, ಆರ್ಕಾಟಿನ ಕೂಲಿಯನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು. ಇದರ ಜೊತೆಗೆ ಇನ್ನೊಂದು ಸತ್ಯವೂ ಮರೆತುಹೋಯಿತು. 1802ರಲ್ಲಿ ಜಾನ್ ವಾರೆನ್ ಎಂಬ ಸೇನಾಧಿಕಾರಿ ಈ ಸೀಮೆಯಲ್ಲಿ ಚಿನ್ನದ ಜಾಡು ಹಿಡಿದು ಬಂದಾಗ ಮಾರಿಕುಪ್ಪಂ ಹತ್ತಿರ ಹಳೆಯ ಗುಂಡಿಗಳಿಗೆ ಇಳಿದು ಕಲ್ಲು ತೆಗೆದು, ಕುಟ್ಟಿ, ತೊಳೆದು ಚಿನ್ನ ಆಯುತ್ತಿದ್ದವರು ಸ್ಥಳೀಯ ಅಸ್ಪೃಶ್ಯರೇ ಎಂದು ಬರೆದಿಟ್ಟಿದ್ದಾನೆ. ಅಂದರೆ ಈ ನೆಲದಡಿಯ ದುಡಿಮೆಗೆ ದಲಿತರ ನಂಟು ಟೇಲರ್ ಕಂಪನಿಗಿಂತ ಹಳೆಯದು.

ಊರಿನಲ್ಲೇ ಹುಟ್ಟಿ ಬೆಳೆದವರೂ ಈ ಬಿರುದನ್ನು ಪ್ರೀತಿಯಿಂದ ಹೇಳುತ್ತಾರಲ್ಲ ಎಂದು ಕೇಳಬಹುದು. ಹೌದು, ಹೇಳುತ್ತಾರೆ. ಆಂಗ್ಲೋ ಇಂಡಿಯನ್ ಕುಟುಂಬಗಳು ಹೇಳುತ್ತವೆ, ಲೈನಿನ ತಮಿಳು ಕುಟುಂಬಗಳಲ್ಲೂ ಹಿರಿಯರು ಹೇಳುತ್ತಾರೆ. ಅವರ ನೆನಪಿನಲ್ಲಿ ಬ್ಯಾಂಡು, ಫುಟ್ಬಾಲು, ಕ್ರಿಸ್‌ಮಸ್ಸು, ಒಳ್ಳೆಯ ಆಸ್ಪತ್ರೆ, ಇಂಗ್ಲಿಷ್ ಶಾಲೆ ಇವೆ. ಗಣಿ ಮುಚ್ಚಿ ಎಲ್ಲವೂ ಕೈಬಿಟ್ಟುಹೋದ ಊರಿನಲ್ಲಿ, ಬೆಳಗ್ಗೆ ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಜನ ಆ ಕಾಲವನ್ನು ಹಂಬಲಿಸುವುದು ಸಹಜ. ಆ ಹಂಬಲವನ್ನು ನಾನು ಗೌರವಿಸುತ್ತೇನೆ. ಆದರೆ ಆ ಶಿಸ್ತು, ಆ ಆಟ, ಆ ಓದು ಎಲ್ಲವನ್ನೂ ಮಾಡಿದವರು ಅವರೇ. ತಾವು ಕಟ್ಟಿದ ಊರಿಗೆ ಬೇರೆ ದೇಶದ ಹೆಸರಿಟ್ಟು ಅದರ ಗೌರವವನ್ನು ಬಿಟ್ಟುಕೊಡಬೇಕಾಗಿಲ್ಲ.

ಇನ್ನು, ಲೈನಿನಲ್ಲಿ ಉಳಿಸಲು ಏನಿದೆ ಎಂಬ ವಾದ. ತಟ್ಟಿ ಕೊಳೆತಿದೆ, ಶೀಟು ತುಕ್ಕು ಹಿಡಿದಿದೆ, ಹೆಚ್ಚಿನ ಮನೆಗಳನ್ನು ಆಮೇಲೆ ಕಟ್ಟಿದ್ದು, ಪುರಾತನವಾದದ್ದು ಯಾವುದೂ ಇಲ್ಲ, ಜನಕ್ಕೆ ಬೇಕಾದದ್ದು ಹೊಸ ಮನೆ ಎನ್ನುತ್ತಾರೆ. ಕೊನೆಯ ಮಾತು ನಿಜ. ಅಲ್ಲಿಯ ಸಂಸಾರಗಳಿಗೆ ಒಳ್ಳೆಯ ಮನೆ, ಒಳಗೆ ನಲ್ಲಿ, ಶೌಚಾಲಯ ಸಿಗಬೇಕು. ಪರಂಪರೆಯ ಹೆಸರಿನಲ್ಲಿ ಯಾರನ್ನೂ ಒಂದು ಕೋಣೆಯಲ್ಲಿ ಕಟ್ಟಿಹಾಕಬಾರದು. ಆದರೆ ಉಳಿಸಲು ಏನೂ ಇಲ್ಲವೆಂಬುದು ಸುಳ್ಳು. ವೇಲ್ಸ್‌ನ ಸೇಂಟ್ ಫೇಗನ್ಸ್ ಬಯಲು ವಸ್ತುಸಂಗ್ರಹಾಲಯದಲ್ಲಿ ಮರ್ಥರ್ ಟಿಡ್‌ಫಿಲ್‌ನ ಕಬ್ಬಿಣ ಕೆಲಸಗಾರರ ಆರು ಸಾಲುಮನೆಗಳನ್ನು ತಂದು ಮರುಕಟ್ಟಿದ್ದಾರೆ. ಒಂದೊಂದು ಮನೆಯನ್ನು ಒಂದೊಂದು ಕಾಲಕ್ಕೆ ಸಜ್ಜುಗೊಳಿಸಿದ್ದಾರೆ, 1805ರಿಂದ 1985ರವರೆಗೆ. ಅದೇ ಅಳತೆಯ ಮನೆಯಲ್ಲಿ ದುಡಿಯುವ ಜನ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದುಕಿದರು ಎಂಬುದು ಆರು ಬಾಗಿಲು ದಾಟುವಷ್ಟರಲ್ಲಿ ತಿಳಿಯುತ್ತದೆ. ನಮ್ಮ ದೊರೆಗಳ ತವರಾದ ಕಾರ್ನ್‌ವಾಲ್‌ನ ಗಣಿ ಪ್ರದೇಶ 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಎಂಜಿನ್ ಮನೆಗಳ ಜೊತೆಗೆ ಗಣಿಯಾಳುಗಳ ಸಾಲುಮನೆ, ಅವರ ಪ್ರಾರ್ಥನಾ ಮಂದಿರ, ತುಂಡು ಹೊಲಗಳೂ ಸೇರಿಯೇ ಆ ಗೌರವ ಪಡೆದವು. ಅಲ್ಲಿ ಆಳುಗಳ ಮನೆ ಪರಂಪರೆ, ಇಲ್ಲಿ ಆಳಿದವರ ಮನೆ ಮಾತ್ರ ಪರಂಪರೆ ಎಂಬ ಭೇದವನ್ನು ನಾವೇ ಏಕೆ ಹೊತ್ತುಕೊಳ್ಳಬೇಕು?

ಕೆಜಿಎಫ್‌ನಲ್ಲಿ ಆಗಬೇಕಾದದ್ದರಲ್ಲಿ ಮೊದಲನೆಯದು ಹಕ್ಕು. ಗಣಿಯನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, ಆಮೇಲೆ ಅದು ಕೇಂದ್ರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಮನೆಗಳು ಮಾತ್ರ ಯಾವತ್ತೂ ಗಣಿಯ ಸ್ವತ್ತಾಗಿಯೇ ಉಳಿದವು. ಗಣಿ ಮುಚ್ಚಿದ ಮೇಲೆ ತಾವಿರುವ ಮನೆಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಕಾರ್ಮಿಕ ಕುಟುಂಬಗಳು ವರ್ಷಗಟ್ಟಲೆ ಕೇಳಬೇಕಾಯಿತು. ಹಕ್ಕುಪತ್ರ ಕೈಯಲ್ಲಿಲ್ಲದವನು ಗೋಡೆಗೆ ಗಾರೆ ಹಾಕಲೂ ಹಿಂಜರಿಯುತ್ತಾನೆ. ಲೈನು ಶಿಥಿಲವಾಗಿದೆ ಎಂದು ದೂರುವವರು ಇದನ್ನು ನೆನಪಿನಲ್ಲಿಡಬೇಕು. ಬಂಗಲೆಗಳನ್ನು ಪ್ರವಾಸಿಗರ ತಂಗುದಾಣ ಮಾಡುವ ಯೋಚನೆ ಯಾರಿಗಾದರೂ ಇದ್ದರೆ, ಲೈನಿನ ಹಕ್ಕಿನ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಅದನ್ನು ಮಾಡಬಾರದು. ಹಾಗೆ ಮಾಡಿದರೆ ನೂರು ವರ್ಷದ ಹಿಂದಿನ ನಕ್ಷೆಗೆ ಮತ್ತೊಮ್ಮೆ ರುಜು ಹಾಕಿದಂತೆ.

ಎರಡನೆಯದು ದಾಖಲೆ. ಪ್ರತಿ ಗಣಿಯ ಸುತ್ತಲಿನ ಲೈನುಗಳನ್ನು, ಅವುಗಳ ಹೆಸರು, ಓಣಿಯ ಅಗಲ, ನಲ್ಲಿ, ಪಾಯಖಾನೆ, ಮಾರಿಯಮ್ಮನ ಗುಡಿ, ಬುದ್ಧವಿಹಾರ, ಚರ್ಚು, ಸಂಘದ ಕಚೇರಿ ಸಮೇತ ಅಳೆದು ನಕ್ಷೆ ಮಾಡಬೇಕು. ಯಾವ ಸಾಲಿಗೆ ಯಾವ ಊರಿನಿಂದ ಜನ ಬಂದರು, ತಟ್ಟಿ ಹೋಗಿ ಶೀಟು ಬಂದದ್ದು, ಶೀಟು ಹೋಗಿ ಇಟ್ಟಿಗೆ ಬಂದದ್ದು ಯಾವಾಗ ಎಂಬುದನ್ನು ಅಲ್ಲಿಯ ಹಿರಿಯ ಹೆಂಗಸರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ತಮಿಳಿನಲ್ಲೇ ಕೇಳಬೇಕು, ಆಮೇಲೆ ಕನ್ನಡಕ್ಕೆ ತರಬೇಕು. ಗಣಿಯೊಳಗೆ ಇಳಿದವರಲ್ಲಿ ಕೊನೆಯ ತಂಡದವರಿಗೂ ಈಗ ನಡುವಯಸ್ಸು ದಾಟುತ್ತಿದೆ. ಈ ಕೆಲಸಕ್ಕೆ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು, ವಾಸ್ತುಶಿಲ್ಪ ಕಾಲೇಜುಗಳು ವಿದ್ಯಾರ್ಥಿಗಳನ್ನು ಕಳಿಸಬಹುದು. ಬೆಂಗಳೂರಿನಿಂದ ಅಲ್ಲಿಗೆ ದಿನವೂ ರೈಲಿದೆ. ಒಂದು ಲೈನಿನ ನಾಲ್ಕಾರು ಮನೆಗಳನ್ನಾದರೂ, ಅಲ್ಲಿ ಬಾಳಿದವರ ಒಪ್ಪಿಗೆಯಿಂದ, ಅವರದೇ ಉಸ್ತುವಾರಿಯಲ್ಲಿ, ತಟ್ಟಿಯ ಕಾಲದಿಂದ ಗಣಿ ಮುಚ್ಚಿದ ವರ್ಷದವರೆಗಿನ ಮನೆಗಳಾಗಿ ನಿಲ್ಲಿಸಲಿ. ಬಂಗಲೆಯ ಹೆಂಚು ಬದಲಿಸುವ ಹಣದಲ್ಲಿ ಮೊದಲ ಕಂತು ಇದಕ್ಕೆ ಹೋಗಲಿ.